ಗೇರ್‌ಬಾಕ್ಸಿನೊಳಗಿನ ಮೂರು ಚುಕ್ಕೆ

ಡಾಕ್ಟರು ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಮೊದಲ ದಿನವೇ ಅನ್ನಿಸಿತ್ತು. ಅವರು ಹೆಬ್ಬಾಳದಲ್ಲಿ ದನಗಳ ಡಾಕ್ಟರು. ಆರ್.ಟಿ. ನಗರದ ಅವರ ಮನೆಯ ಶೆಡ್ಡಿನಲ್ಲಿ ಇಂಗ್ಲೆಂಡಿನಿಂದ ಎಂದೋ ಬಂದ ಎರಡು ಸೀಟಿನ ಹಳೆಯ ಸ್ಪೋರ್ಟ್ಸ್ ಕಾರೊಂದಿತ್ತು. ಯಲಹಂಕದ ಕಡೆ ವಿಮಾನ ಇಳಿಯುವ ಪಟ್ಟಿಯೊಂದರ ಮೇಲೆ ವರ್ಷಕ್ಕೊಮ್ಮೆ ಹವ್ಯಾಸಿಗಳೆಲ್ಲ ಸೇರಿ ನಡೆಸುವ ರೇಸಿನಲ್ಲಿ ಅದನ್ನು ಓಡಿಸುತ್ತಿದ್ದರು. ಮೂರು ವರ್ಷದಿಂದ ಒಂದು ಕೆಂಪು ಕಾರು ಅವರನ್ನು ಹಿಂದೆ ಹಾಕುತ್ತಲೇ ಬಂದಿತ್ತು.

"ಕೊನೇ ತಿರುವು ಇದೆಯಲ್ಲ, ಅಲ್ಲಿ ಎರಡನೇ ಗೇರಲ್ಲಿ ಎಂಜಿನ್ ಸುತ್ತಿನ ಮೀಟರ್ ಮುಳ್ಳು ಐದೂವರೆ ಸಾವಿರ ತೋರಿಸುತ್ತೆ. ಅದಕ್ಕಿಂತ ಮೇಲೆ ಹೋದ್ರೆ ಎಂಜಿನ್ ಕೈಗೆ ಬರುತ್ತೆ. ಸರಿ ಅಂತ ಮೂರಕ್ಕೆ ಹಾಕಿದ್ರೆ ಕಾರು ನಿದ್ದೆ ಹೊಡೆಯುತ್ತೆ ಕಣ್ರೀ. ಆಗಲೇ ಕೆಂಪು ಕಾರು ಪಕ್ಕದಲ್ಲಿ ಹೋಗೋದು" ಎಂದರು.

ನಾನು ತಲೆಯಾಡಿಸಿದೆ. ಒಳಗೆ ಮಾತ್ರ ನಂಬಲಿಲ್ಲ. ಹಿಂದಿನ ವರ್ಷ ಆ ರೇಸ್ ನೋಡಲು ಹೋಗಿದ್ದಾಗ ಕೊನೇ ತಿರುವಿನಲ್ಲಿ ಇಟ್ಟಿದ್ದ ಎರಡು ಡ್ರಮ್ಮುಗಳ ನಡುವಿನ ಅಂತರವನ್ನು ಹೆಜ್ಜೆಯಲ್ಲಿ ಅಳೆದು, ಅವರ ಕಾರಿಗೆ ಸ್ಟಾಪ್ ವಾಚು ಹಿಡಿದಿದ್ದೆ. ನೂರಾ ಮೂವತ್ತೆರಡು ಅಡಿಗೆ ಎರಡು ಸೆಕೆಂಡು. ಅಂದರೆ ಗಂಟೆಗೆ ನಲವತ್ತೈದು ಮೈಲಿ. ಆ ವೇಗಕ್ಕೆ ಎರಡನೇ ಗೇರಿನಲ್ಲಿ ಎಂಜಿನ್ ಆರು ಸಾವಿರ ಸುತ್ತಬೇಕು ಎಂದು ಕಾರಿನ ಪುಸ್ತಕ ನೋಡಿ ಲೆಕ್ಕ ಹಾಕಿಟ್ಟುಕೊಂಡಿದ್ದೆ. ಇವರು ಐದೂವರೆ ಅನ್ನುತ್ತಾರೆ. ಒಂದೋ ಇವರು ಮುಳ್ಳು ನೋಡಿಲ್ಲ, ಇಲ್ಲವೇ ಮೀಟರೇ ಸುಳ್ಳು ಹೇಳುತ್ತಿದೆ. ಮೀಟರು ಬಿಚ್ಚಿಸಿ ರಿಪೇರಿಗೆ ಕಳಿಸಿದೆ.

ಇದು ನನ್ನ ಹುಟ್ಟುಗುಣ. ನಮ್ಮಪ್ಪ ಗದಗಿನ ಅಡತಿ ಅಂಗಡಿಯೊಂದರ ಮುಂದೆ ಕಾಳು ಅಳೆಯುವವರು. ತಕ್ಕಡಿ ನೋಡಬೇಡ, ತಕ್ಕಡಿ ಹಿಡಿದವನ ಕೈ ನೋಡು ಎಂದು ಹೇಳಿಕೊಟ್ಟೇ ನನ್ನನ್ನು ಬೆಂಗಳೂರಿನ ರೈಲು ಹತ್ತಿಸಿದ್ದರು. ಯಶವಂತಪುರದ ಕಾರ್ಖಾನೆಯಲ್ಲಿ ಗೇರ್ ಕತ್ತರಿಸುವ ಯಂತ್ರದ ಮುಂದೆ ಎಂಟು ವರ್ಷ ನಿಂತಿದ್ದರೂ ಹಿಂದಿನ ಶಿಫ್ಟಿನವನು ಬಿಟ್ಟುಹೋದ ಅಳತೆಯನ್ನು ಒಂದು ದಿನವೂ ಹಾಗೇ ಒಪ್ಪಿಕೊಂಡವನಲ್ಲ. ಜೊತೆಯವರು ನನಗೆ 'ಸಿಐಡಿ' ಎಂದು ಹೆಸರಿಟ್ಟಿದ್ದರು. ನನಗೇನೂ ಬೇಜಾರಿರಲಿಲ್ಲ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವರು ನಮ್ಮ ಫೋರ್‌ಮನ್. ರೇಸಿನ ದಿನ ಗಡಿಯಾರ ಹಿಡಿದು ಸಮಯ ಬರೆಯುವವರೂ ಅವರೇ.

"ಡ್ರಾಯಿಂಗ್ ಆಫೀಸಲ್ಲಿ ಒಂದು ಟೇಬಲ್ ಖಾಲಿ ಆಗುತ್ತೆ. ಕತ್ತರಿಸೋರು ತುಂಬ ಜನ ಇದಾರೆ, ಯಾವ ಗೇರು ಬೇಕು ಅಂತ ಹೇಳೋರು ಬೇಕು ನನಗೆ. ಡಾಕ್ಟರ ಕಾರಿಗೆ ಲೆಕ್ಕ ನೀನೇ ಹಾಕು, ಶಿಫ್ಟ್ ಮುಗಿದ ಮೇಲೆ ನಮ್ಮ ಮಷೀನಲ್ಲೇ ಕತ್ತರಿಸು. ದೊಡ್ಡೋರ ಪರ್ಮಿಷನ್ ತಗೊಂಡಿದೀನಿ. ಕೆಂಪು ಕಾರು ಹಿಂದೆ ಬಿದ್ರೆ ನಿನ್ ಹೆಸರು ಬರೀತೀನಿ. ಇಲ್ಲಾಂದ್ರೆ ಮಷೀನ್ ಮುಂದೆ ಇದ್ದೇ ಇದೆಯಲ್ಲ ಜಾಗ" ಎಂದರು.

ಆ ಟೇಬಲ್ ನನಗೆ ಎಷ್ಟು ಬೇಕಾಗಿತ್ತೆಂದು ಈಗ ಹೇಳಿದರೆ ನಗು ಬರುತ್ತದೆ. ಕಿಟಕಿಯ ಪಕ್ಕದಲ್ಲಿ, ಎಣ್ಣೆಯ ಹನಿ ಸಿಡಿಯದ ಜಾಗದಲ್ಲಿ, ಬಿಳಿ ಹಾಳೆಯ ಮುಂದೆ ಕೂತು ಮಾಡುವ ಕೆಲಸ. ಮದುವೆಯ ಮಾತುಕತೆಯಲ್ಲಿ ಸಹ ನಾನು ಅಷ್ಟು ಆಸೆಪಟ್ಟಿರಲಿಲ್ಲ.

ಕಾರನ್ನು ಬಿಚ್ಚಿ ಜೋಡಿಸುವವರು ಯಲಹಂಕದ ಒಬ್ಬ ಮೇಸ್ತ್ರಿ. ರಾಗಿ ಬೆಳೆಯುವ ಮನೆತನ. ಊರಂಚಿನ ತಮ್ಮ ಹೊಲದ ಮೂಲೆಯಲ್ಲೇ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಡಿಮೆ. ಮಾತು ಕಡಿಮೆ ಇರುವವರ ಮೇಲೆ ನನಗೆ ಅನುಮಾನ ಸ್ವಲ್ಪ ಜಾಸ್ತಿಯೇ.

ಗೇರಿನ ಲೆಕ್ಕ ಹಿಂದಿನಿಂದ ಶುರುವಾಗಬೇಕು. ಗೇರ್‌ಬಾಕ್ಸಿನಿಂದ ಹೊರಟ ಉದ್ದನೆಯ ಶಾಫ್ಟು ಹಿಂದಿನ ಆಕ್ಸಲ್ಲಿನೊಳಗೆ ಹೋಗಿ ಒಂದು ದೊಡ್ಡ ಹಲ್ಲಿನ ಚಕ್ರವನ್ನು ತಿರುಗಿಸುತ್ತದೆ. ಕಾರಿನ ಚಕ್ರ ಒಂದು ಸುತ್ತು ಬರಲು ಶಾಫ್ಟು ಎಷ್ಟು ಸುತ್ತು ಬರಬೇಕು ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಈ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಪುಸ್ತಕದ ಪ್ರಕಾರ ಅದು ನಾಲ್ಕೂವರೆಗೆ ಒಂದು ಕೂದಲು ಮೇಲೆ. ಪುಸ್ತಕವನ್ನು ನಂಬುವ ಜಾತಿ ನನ್ನದಲ್ಲ. ಅಳೆದೇ ನೋಡೋಣ ಎಂದೆ.

ಆಕ್ಸಲ್ ಬಿಚ್ಚದೆ ಅಳೆಯುವ ಸುಲಭದ ದಾರಿಯೊಂದಿದೆ. ಒಂದು ಹಿಂಚಕ್ರವನ್ನು ನೆಲದ ಮೇಲೇ ಬಿಟ್ಟು, ಇನ್ನೊಂದನ್ನು ಜಾಕಿನಲ್ಲಿ ಎತ್ತಿ ಕೈಯಲ್ಲಿ ಹತ್ತು ಸುತ್ತು ತಿರುಗಿಸುವುದು. ಕೆಳಗೆ ಮಲಗಿದವನು ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡು ಅದು ಎಷ್ಟು ಸುತ್ತು ಬಂತೆಂದು ಎಣಿಸುವುದು. ಒಂದೇ ಚಕ್ರ ತಿರುಗುವುದರಿಂದ ಬಂದದ್ದು ಅರ್ಧ ಲೆಕ್ಕ. ಅದನ್ನು ಇಮ್ಮಡಿ ಮಾಡಿಕೊಂಡರೆ ಆಯಿತು. ನಾನು ಕಾರಿನ ಕೆಳಗೆ ಮಲಗಿದೆ, ಮೇಸ್ತ್ರಿ ಚಕ್ರ ತಿರುಗಿಸಿದರು. ಮೇಲಿನಿಂದ ಅವರ ಗೊಣಗಾಟ ಕೇಳುತ್ತಿತ್ತು, ಆದರೆ ನಾನು ನನ್ನ ಗೆರೆಯನ್ನು ಎಣಿಸುವುದರಲ್ಲಿ ಮುಳುಗಿದ್ದೆ. ಕೊನೆಗೆ "ಅತ್ತು!" ಎಂದು ಕೂಗಿ ನಿಲ್ಲಿಸಿದರು. ನನ್ನ ಗೆರೆ ಇಪ್ಪತ್ತೆರಡೂವರೆ ಸುತ್ತು ಬಂದಿತ್ತು. ಇಮ್ಮಡಿ ಮಾಡಿದರೆ ನಲವತ್ತೈದು, ಹತ್ತರಿಂದ ಭಾಗಿಸಿದರೆ ನಾಲ್ಕೂವರೆ. ಕೈಲೆಕ್ಕದಲ್ಲಿ ಒಂದು ಕೂದಲಿನ ವ್ಯತ್ಯಾಸ ಇದ್ದೇ ಇರುತ್ತದೆ. ಪುಸ್ತಕಕ್ಕೂ ನನ್ನ ಅಳತೆಗೂ ತಾಳೆಯಾಯಿತು. ಜೀವನದಲ್ಲಿ ಅಪರೂಪಕ್ಕೆ ನನಗೆ ಸಂಪೂರ್ಣ ನಂಬಿಕೆ ಬಂದ ಗಳಿಗೆ ಅದು.

ಒಂದು ವಾರ ಲೆಕ್ಕ ಹಾಕಿದೆ. ಆ ಎಂಜಿನ್ನಿಗೆ ಜೀವ ಬರುವುದು ನಾಲ್ಕು ಸಾವಿರದ ಮೇಲೆ. ಹಾಗಾಗಿ ಕೊನೇ ತಿರುವಿನ ನಲವತ್ತೈದು ಮೈಲಿಗೆ ಮೂರನೇ ಗೇರಿನಲ್ಲಿ ನಾಲ್ಕು ಸಾವಿರದ ಇನ್ನೂರು ಸುತ್ತು ಇರುವಂತೆ ಹಲ್ಲುಗಳನ್ನು ಆರಿಸಿದೆ. ಮಿಕ್ಕ ಗೇರುಗಳನ್ನು ಅದರ ಅಕ್ಕಪಕ್ಕಕ್ಕೆ ತಂದೆ. ಎಂಜಿನ್ನಿನ ಕಡೆಯ ಮೊದಲ ಜೋಡಿಗೆ ಹತ್ತೊಂಬತ್ತು ಮತ್ತು ಮೂವತ್ತೆರಡು ಹಲ್ಲು ಇಟ್ಟೆ. ಎರಡನ್ನೂ ಸಮನಾಗಿ ಭಾಗಿಸುವ ಸಂಖ್ಯೆ ಇಲ್ಲದಿದ್ದರೆ ಪ್ರತಿ ಹಲ್ಲೂ ಎದುರಿನ ಎಲ್ಲ ಹಲ್ಲುಗಳನ್ನು ಸರದಿಯಲ್ಲಿ ಮುಟ್ಟುತ್ತದೆ, ಸವೆತ ಸಮ ಇರುತ್ತದೆ. ನಮ್ಮ ಕಸುಬಿನ ಮಡಿ ಇದು.

ಗೇರುಗಳು ತಯಾರಾಗುವ ಹೊತ್ತಿಗೆ ಒಂದು ಸಂಜೆ ಮೇಸ್ತ್ರಿಯ ಶೆಡ್ಡಿಗೆ ಹೋದಾಗ ಕೆಂಪು ಕಾರಿನ ಮೆಕ್ಯಾನಿಕ್ ಅಲ್ಲಿಂದ ಹೊರಬರುತ್ತಿದ್ದ. ಬಗಲಲ್ಲಿ ಗೋಣಿಚೀಲದ ಗಂಟು. ನನ್ನನ್ನು ನೋಡಿ ನಕ್ಕು ಸೈಕಲ್ ಹತ್ತಿದ. ನನ್ನ ಲೆಕ್ಕದ ಹಾಳೆಯ ಒಂದು ನಕಲು ಆ ಶೆಡ್ಡಿನ ಗೋಡೆಗೆ ಅಂಟಿಸಿತ್ತು.

"ಯಾರ್ರೀ ಅಂವಾ?" ಎಂದು ಏನೂ ಗೊತ್ತಿಲ್ಲದವನಂತೆ ಕೇಳಿದೆ.

"ನಮ್ ಬಾಮೈದ" ಎಂದರು ಮೇಸ್ತ್ರಿ. ಅಷ್ಟೇ. ಗಂಟಿನಲ್ಲೇನಿತ್ತೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಮರುದಿನ ಗೇರುಗಳನ್ನು ಹದಕ್ಕೆ, ಅಂದರೆ ಕಾಯಿಸಿ ಗಟ್ಟಿ ಮಾಡಲು ಕಳಿಸುವ ಮೊದಲು, ಒಂದೊಂದರ ಪಕ್ಕದಲ್ಲೂ ಪಂಚ್ ಇಟ್ಟು ಮೂರು ಚಿಕ್ಕ ಚುಕ್ಕೆ ಹೊಡೆದೆ. ಯಾರಿಗೂ ಹೇಳಲಿಲ್ಲ. ನನ್ನ ಗೇರು ಎತ್ತಿ ಬೇರೆಯದನ್ನು ಹಾಕಿದರೆ ಸಿಕ್ಕಿಬೀಳುತ್ತಾರೆ, ಆಗ ನೋಡೋಣ ಎಂದುಕೊಂಡೆ.

ರೇಸಿಗೆ ಹನ್ನೆರಡು ದಿನ ಇದ್ದಾಗ ಹೆಸರಘಟ್ಟದ ರಸ್ತೆಯಲ್ಲಿ ಬೆಳಿಗ್ಗೆ ಕಾರು ಓಡಿಸಿ ನೋಡಿದೆವು. ಕಿಲೋಮೀಟರಿನ ಕಾಲ ಬಂದಿದ್ದರೂ ಆ ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ಮೈಲಿಗೆ ಎಂಟರಂತೆ ನೆಟ್ಟ ಹಳೆಯ ಫರ್ಲಾಂಗ್ ಕಲ್ಲುಗಳು ಉಳಿದಿದ್ದವು. ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ ಹತ್ತು ಸೆಕೆಂಡಿನಲ್ಲಿ ಹೋದರೆ ನಲವತ್ತೈದು ಮೈಲಿ. ಡಾಕ್ಟರು ಸ್ಟೀರಿಂಗ್ ಹಿಡಿದಿದ್ದರು, ನಾನು ಪಕ್ಕದಲ್ಲಿ ಸ್ಟಾಪ್ ವಾಚು ಹಿಡಿದು ಕೂತಿದ್ದೆ. ರಿಪೇರಿಯಿಂದ ಬಂದ ಮೀಟರು ಎದುರಿಗಿತ್ತು. ರಿಪೇರಿಯವನು 'ಇದರಲ್ಲೇನೂ ಕೆಟ್ಟಿಲ್ಲ' ಎಂದು ಚೀಟಿ ಬರೆದು ವಾಪಸು ಕೊಟ್ಟಿದ್ದ. ಮೂರನೇ ಗೇರು, ಹತ್ತು ಸೆಕೆಂಡು. ಮುಳ್ಳು ನಾಲ್ಕು ಸಾವಿರದ ಇನ್ನೂರು ತೋರಿಸಬೇಕು. ಮೂರು ಸಾವಿರದ ಎಂಟುನೂರು ತೋರಿಸುತ್ತಿತ್ತು. ಡಾಕ್ಟರು ಒತ್ತಿದರು, ಕಾರು ಆಕಳಿಸಿತು.

"ಇದೇನ್ರೀ, ಮೊದಲಿನ ಥರಾನೇ ಇದೆಯಲ್ಲ!" ಎಂದರು.

ನಾಲ್ಕು ಸಲ ಓಡಿಸಿದೆವು. ನಾಲ್ಕು ಸಲವೂ ಅದೇ. ನನ್ನ ತಲೆಯಲ್ಲಿ ಕಿಟಕಿ ಪಕ್ಕದ ಟೇಬಲ್ ದೂರ ದೂರ ಹೋಗುತ್ತಿತ್ತು. ಅದರ ಜಾಗಕ್ಕೆ ಗೋಣಿಚೀಲದ ಗಂಟು ಬಂದು ಕೂತಿತು. ಸೀದಾ ಶೆಡ್ಡಿಗೆ ಹೋಗಿ ಇಳಿದೆ.

"ಮೇಸ್ತ್ರಿ, ಬಾಕ್ಸ್ ಬಿಚ್ಚ್ರಿ. ನಾ ಹಲ್ಲು ಎಣಸಬೇಕು."

"ಯಾಕ್ ಸಾಮಿ? ಮೊನ್ನೆ ತಾನೆ ಕೂಡ್ಸಿದ್ದು."

"ಒಳಗ ಇರೋದು ನನ್ನ ಗೇರು ಹೌದೋ ಅಲ್ಲೋ ನೋಡಬೇಕ್ರಿ."

ಡಾಕ್ಟರು "ಏನ್ ಮಾತಾಡ್ತಿದೀರಿ?" ಎಂದು ನನ್ನ ತೋಳು ಹಿಡಿದರು. ಮೇಸ್ತ್ರಿ ಸ್ಪ್ಯಾನರು ತೆಗೆದುಕೊಂಡರು. ಬಾಕ್ಸ್ ಇಳಿಸಿ ಬಿಚ್ಚಲು ಮಧ್ಯಾಹ್ನವಾಯಿತು. ಅಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ, ನಾನು ಅವರ ಕೈ ಬಿಟ್ಟು ಬೇರೆ ನೋಡಲಿಲ್ಲ. ಮುಚ್ಚಳ ತೆಗೆದ ಕೂಡಲೇ ಬಗ್ಗಿ ಬಟ್ಟೆಯಿಂದ ಎಣ್ಣೆ ಒರೆಸಿದೆ. ಮೂರು ಚುಕ್ಕೆ. ಮುಂದಿನದರಲ್ಲೂ ಮೂರು ಚುಕ್ಕೆ. ಎಲ್ಲವೂ ನನ್ನವೇ, ಹಲ್ಲುಗಳೂ ಸರಿ.

"ಆ ಚುಕ್ಕೆ ಏನು ಸಾಮಿ?" ಎಂದರು ಮೇಸ್ತ್ರಿ ನಿಧಾನವಾಗಿ.

"ಜೋಡಿ ತಪ್ಪಬಾರದಂತ ಹಾಕಿದ್ದೆ" ಎಂದೆ. ಅವರು ನನ್ನ ಮುಖ ನೋಡಿ, ಕೈ ತೊಳೆಯಲು ಹೋದರು. ಅರ್ಥವಾಗಿತ್ತು ಅವರಿಗೆ. ನನಗೆ ನಾಚಿಕೆಯಾಯಿತು, ಆದರೆ ಅನುಮಾನ ಹೋಗಲಿಲ್ಲ. ನಾನೂರು ಸುತ್ತು ಎಲ್ಲಿ ಹೋಯಿತು? ಗೇರು ಸರಿ, ಕಲ್ಲು ಸರಿ, ಗಡಿಯಾರ ಸರಿ. ಹತ್ತರಲ್ಲಿ ಒಂದು ಪಾಲು ಯಾರೋ ಕದ್ದ ಹಾಗಿತ್ತು.

"ಇಂದ್ಗಡೆ ಆಕ್ಸಲ್ಲು ಇನ್ನೊಂದ್ ಕಿತ ಎಣ್ಸಾನ" ಎಂದು ಕೈ ಒರೆಸಿಕೊಳ್ಳುತ್ತಾ ಮೇಸ್ತ್ರಿಯೇ ಹೇಳಿದರು.

ಈ ಸಲ ನಾನು ಕೆಳಗೆ ಮಲಗಲಿಲ್ಲ. ಚಕ್ರ ತಿರುಗಿಸುವ ಕೈ ನನ್ನ ಕಣ್ಣೆದುರಿಗೆ ಇರಲಿ ಎಂದು ಡಾಕ್ಟರನ್ನೇ ಗೋಣಿಚೀಲದ ಮೇಲೆ ಮಲಗಿಸಿದೆ. ಮೇಸ್ತ್ರಿ ಟಯರಿನ ಮೇಲೆ ಸುಣ್ಣದ ಗುರುತು ಹಾಕಿ ಮೊದಲ ಸುತ್ತು ತಿರುಗಿಸಿದರು. ಬಾಯಲ್ಲಿ ಮೆಲ್ಲಗೆ "ಲಾಬ" ಎಂದರು. ಇನ್ನೊಂದು ಸುತ್ತು. "ಒಂದು." ಮತ್ತೊಂದು. "ಎರ್ಡು."

"ನಿಲ್ಲಸ್ರಿ!" ಎಂದೆ. "ಏನಂದ್ರಿ ಮೊದಲಿಗೆ?"

"ಲಾಬ ಅಂದೆ."

"ಲಾಭ ಅಂದ್ರ ಒಂದಲ್ಲೇನ್ರೀ? ಆಮ್ಯಾಲೆ ಎರಡು ಅನ್ನಬೇಕಲ್ಲ?"

ಮೇಸ್ತ್ರಿ ಏನೂ ತಿಳಿಯದವನನ್ನು ನೋಡುವಂತೆ ನನ್ನನ್ನು ನೋಡಿದರು. "ಲಾಬ ದ್ಯಾವ್ರುದು ಸಾಮಿ. ಅದ್ನ ಎತ್ತಿ ಮಡುಗ್ಬಿಟ್ಟು, ಆಮ್ಯಾಕೆ ಒಂದು. ಕಣದಾಗೆ ನಮ್ಮಪ್ಪ ಅಂಗೇ ಅಳೀತಿದ್ದುದು."

ಗದಗಿನಲ್ಲಿ ನಮ್ಮಪ್ಪ ಕೂಡ ಮೊದಲ ಸೇರಿಗೆ ಲಾಭ ಎಂದೇ ಕೂಗುತ್ತಿದ್ದರು, ಒಂದು ಎನ್ನುವುದು ಅಪಶಕುನ ಎಂದು. ಆದರೆ ಅವರ ಲಾಭ ಗಿರಾಕಿಯ ಚೀಲಕ್ಕೇ ಬೀಳುತ್ತಿತ್ತು; ಅದೇ ಒಂದು, ಮುಂದಿನದು ಎರಡು. ಈ ಮನೆಯಲ್ಲಿ ಮೊದಲ ಕೊಳಗ ರಾಗಿ ದೇವರ ಹೆಸರಿನಲ್ಲಿ ಪಕ್ಕಕ್ಕೆ ಹೋಗುತ್ತಿತ್ತು, ಲೆಕ್ಕ ಅದಾದ ಮೇಲೆ. ಪಾರ್ಟು ಕೆಟ್ಟರೆ ಪಾರ್ಟು ಬದಲಿಸುವ ಮೇಸ್ತ್ರಿಗೆ ಸುತ್ತು ಎಣಿಸುವ ಪ್ರಸಂಗ ಎಲ್ಲಿ ಬರಬೇಕು? ಕೈಗೆ ಬಂದ ಅಭ್ಯಾಸದಂತೆ ಎಣಿಸಿದ್ದರು. ಅಂದು ಚಕ್ರ ಬಂದದ್ದು ಹನ್ನೊಂದು ಸುತ್ತು.

ನಲವತ್ತೈದನ್ನು ಹನ್ನೊಂದರಿಂದ ಭಾಗಿಸಿದೆ. ನಾಲ್ಕು ಮತ್ತು ಒಂದು ಚೂರು. ಹಿಂದಿನ ಯಾವನೋ ಯಜಮಾನ ಆಕ್ಸಲ್ಲಿನ ಗೇರು ಬದಲಿಸಿ ಬೇರೆಯದು ಹಾಕಿದ್ದ. ಪುಸ್ತಕಕ್ಕೆ ಅದು ಗೊತ್ತಿರಲಿಲ್ಲ. ಕೆಳಗಿನಿಂದ ಡಾಕ್ಟರು ನಗುವುದು ಕೇಳಿಸಿತು. ನನಗೆ ನಗು ಬರಲಿಲ್ಲ. ಆ ಅಂಕಿ ಇಟ್ಟು ನೋಡಿದರೆ ಹಳೆಯ ಎರಡನೇ ಗೇರಿನಲ್ಲಿ ಐದೂವರೆ ಸಾವಿರಕ್ಕೆ ಸ್ವಲ್ಪ ಕಡಿಮೆ ಬರುತ್ತಿತ್ತು. ಡಾಕ್ಟರು ಮೊದಲ ದಿನ ಹೇಳಿದ್ದು ನಿಜ. ಮೀಟರು ಹೇಳಿದ್ದು ನಿಜ. ರಿಪೇರಿಯವನ ಚೀಟಿಯೂ ನಿಜ. ನಾನು ಅನುಮಾನಿಸಿದವರೆಲ್ಲ ನಿಜವನ್ನೇ ಹೇಳಿದ್ದರು. ನಾನು ಕಣ್ಣು ಮುಚ್ಚಿ ನಂಬಿದ್ದು ಒಂದೇ ಒಂದನ್ನು, ಅದೇ ತಪ್ಪು.

ಗೇರುಗಳನ್ನೆಲ್ಲ ಹೊಸದಾಗಿ ಕತ್ತರಿಸಲು ಸಮಯವಿರಲಿಲ್ಲ. ಚಿಕ್ಕ ಟಯರು ಹಾಕೋಣವೇ ಎಂದರು ಡಾಕ್ಟರು. ಆ ಅಳತೆಯ ಚಕ್ರ ಎಲ್ಲೂ ಸಿಗಲಿಲ್ಲ. ಎರಡು ದಿನ ಹಾಳೆಗಳ ಮೇಲೆ ಗೀಚಿದ ಮೇಲೆ ದಾರಿ ಹೊಳೆಯಿತು. ಎಂಜಿನ್ನಿನ ಕಡೆಯ ಮೊದಲ ಜೋಡಿಯ ಮೂಲಕವೇ ಒಂದು, ಎರಡು, ಮೂರನೇ ಗೇರುಗಳಿಗೆ ಶಕ್ತಿ ಹೋಗುವುದು. ಆ ಒಂದು ಜೋಡಿ ಬದಲಿಸಿದರೆ ಮೂರೂ ಗೇರು ಒಟ್ಟಿಗೆ ಸರಿಯುತ್ತವೆ. ಅಷ್ಟು ಸಣ್ಣ ಪಟ್ಟಿಯಲ್ಲಿ ನಾಲ್ಕನೆಯದರ ಹಂಗು ಕಡಿಮೆ. ಹತ್ತೊಂಬತ್ತರ ಬದಲು ಹದಿನೆಂಟು, ಮೂವತ್ತೆರಡರ ಬದಲು ಮೂವತ್ತಮೂರು. ಒಂದರಲ್ಲಿ ಒಂದು ಹಲ್ಲು ಕಡಿಮೆ, ಇನ್ನೊಂದರಲ್ಲಿ ಒಂದು ಹೆಚ್ಚು. ಎರಡೂ ಮೂರರಿಂದ ಭಾಗವಾಗುವ ಮೈಲಿಗೆ ಜೋಡಿ. ಒಂದು ರೇಸಿಗೆ ಮಡಿ ಬಿಟ್ಟರಾಯಿತು ಎಂದು ತೀರ್ಮಾನಿಸಿದೆ.

ಮತ್ತೆ ಯಂತ್ರ ಬೇಕು ಎಂದು ಫೋರ್‌ಮನ್ ಎದುರು ನಿಂತೆ.

"ಯಾರ ತಪ್ಪು?" ಎಂದರು ಕನ್ನಡಕ ತೆಗೆದು.

ಮೇಸ್ತ್ರಿ ಹತ್ತರ ಬದಲು ಹನ್ನೊಂದು ತಿರುಗಿಸಿದರು ಎಂಬ ವಾಕ್ಯ ನಾಲಿಗೆಯ ತುದಿಗೆ ಬಂದಿತ್ತು. ಅದು ಸುಳ್ಳೂ ಆಗಿರಲಿಲ್ಲ. ಕೈ ತೊಳೆಯಲು ಹೋದ ಅವರ ಬೆನ್ನು ನೆನಪಾಯಿತು.

"ನಂದೇ ರೀ ಸರ. ಒಂದೇ ಸಲ ಅಳದೆ. ಪುಸ್ತಕಕ್ಕ ಕೂಡಿಬಂತು ಅಂತ ಅಲ್ಲಿಗೇ ಬಿಟ್ಟೆ."

ಅವರಿಗೆ ಕಥೆಯೆಲ್ಲ ಆಗಲೇ ಡಾಕ್ಟರಿಂದ ತಿಳಿದಿತ್ತು ಎಂಬುದು ನನಗೆ ಆಮೇಲೆ ಗೊತ್ತಾಯಿತು. "ಅಲ್ಲಯ್ಯಾ, ಊರೋರನ್ನೆಲ್ಲ ಅನುಮಾನ ಪಡ್ತೀಯ, ನಿನ್ ಹಾಳೆ ಒಂದನ್ನ ಬಿಟ್ಟು" ಎಂದರು. "ಹೋಗು, ಇವತ್ತು ಶಿಫ್ಟ್ ಮುಗಿದ ಮೇಲೆ ಕತ್ತರಿಸ್ಕೋ. ಟೇಬಲ್ ವಿಷಯ ರೇಸ್ ಆದ್ಮೇಲೆ ಮಾತಾಡೋಣ."

ಕತ್ತರಿಸಿದೆ. ಈ ಸಲ ಪಂಚ್ ಮುಟ್ಟಲಿಲ್ಲ. ಮುಟ್ಟಲು ನಾಚಿಕೆಯಾಯಿತು. ನನಗೆ ರಜೆ ಸಿಗದ ಕಾರಣ ಮೇಸ್ತ್ರಿಯೇ ಆ ಜೋಡಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಪೀಣ್ಯಕ್ಕೆ ಹದಕ್ಕೆ ಒಯ್ದರು, ತಂದರು, ಒಬ್ಬರೇ ಕೂತು ಬಾಕ್ಸ್ ಜೋಡಿಸಿದರು. ನಾನು ಹೋಗುವ ಹೊತ್ತಿಗೆ ಮುಚ್ಚಳ ಬಿದ್ದಿತ್ತು. ತೆಗೆದು ತೋರಿಸಿ ಎನ್ನಲು ಬಾಯಿ ಬರಲಿಲ್ಲ.

ರೇಸಿನ ದಿನ ಕೊನೇ ತಿರುವಿನಲ್ಲಿ, ಅದೇ ಡ್ರಮ್ಮುಗಳ ಹತ್ತಿರ ನಿಂತಿದ್ದೆ. ಕೆಂಪು ಕಾರಿನ ಹಿಂದೆಯೇ ಡಾಕ್ಟರು ಬಂದರು. ಮೂರನೇ ಗೇರಿಗೆ ಹಾಕಿದ ಸದ್ದು ಕೇಳಿತು. ಈ ಸಲ ಸದ್ದು ಕೆಳಗೆ ಬೀಳಲಿಲ್ಲ, ಗುರ್ರೆಂದು ಏರಿತು. ಏಳನೇ ಸುತ್ತಿನಲ್ಲಿ ಕೆಂಪು ಕಾರಿನ ಪಕ್ಕಕ್ಕೆ ಬಂದರು, ಎಂಟರಲ್ಲಿ ದಾಟಿದರು. ಮೊದಲು ಬಂದದ್ದು ಬೇರೆ ಯಾವುದೋ ಕಾರು. ನಾವು ಮೂರನೆಯವರು, ಕೆಂಪು ಕಾರು ನಾಲ್ಕನೆಯದು. ನನಗೆ ಅಷ್ಟು ಸಾಕಿತ್ತು. ಮೇಸ್ತ್ರಿ ದೂರದಲ್ಲಿ ಭಾಮೈದನ ಜೊತೆ ಕೂತು ಬೇಯಿಸಿದ ಅವರೆಕಾಯಿ ಸುಲಿದು ತಿನ್ನುತ್ತಿದ್ದರು. ಅವರ ನಡುವೆ ಅದೇ ಗೋಣಿಚೀಲ. ಅಂದಿನ ಗಂಟಿನಲ್ಲಿ ಇದ್ದದ್ದೂ ಅದೇ ಎಂದು ಆಗ ಹೊಳೆಯಿತು, ಹೊಲದ ಅವರೆಕಾಯಿ.

ಮುಂದಿನ ವಾರ ಫೋರ್‌ಮನ್ ನನ್ನ ಹೆಸರು ಬರೆದು ಕಳಿಸಿದರು. ಆ ಭಾನುವಾರ ಹಲ್ಲುಗಳ ಸವೆತ ನೋಡಬೇಕೆಂದು ಶೆಡ್ಡಿಗೆ ಹೋದೆ. ಮೇಸ್ತ್ರಿ ಬಾಕ್ಸ್ ಬಿಚ್ಚಿ ಮುಚ್ಚಳ ಎತ್ತಿಟ್ಟರು. ನಾನು ಬಗ್ಗಿ ಬಟ್ಟೆಯಿಂದ ಎಣ್ಣೆ ಒರೆಸಿದೆ.

ಹೊಸ ಜೋಡಿಯ ಎರಡೂ ಗೇರಿನ ಪಕ್ಕದಲ್ಲಿ ಮೂರು ಮೂರು ಚುಕ್ಕೆ ಇದ್ದವು. ನನ್ನವಲ್ಲ. ನನ್ನ ಚುಕ್ಕೆಗಳು ಒಂದೇ ಸಾಲಿನಲ್ಲಿರುತ್ತವೆ. ಇವು ಸ್ವಲ್ಪ ಸೊಟ್ಟ.

ತಲೆ ಎತ್ತಿದೆ. ಮೇಸ್ತ್ರಿ ಬೋಲ್ಟುಗಳನ್ನು ಡಬ್ಬಕ್ಕೆ ಹಾಕುತ್ತಿದ್ದರು.

"ನೀವು ಈ ಕಿತ ಚುಕ್ಕೆ ಆಕಿರ್ನಿಲ್ಲ" ಎಂದರು. "ಪೀಣ್ಯದಾಗೆ ಕಾಯ್ಸಾಕ್ ಕೊಡೋಕ್ ಮುಂಚೆ ನಾನೇ ಒಡ್ದೆ ಸಾಮಿ. ನಾಳೆ ನಿಮ್ಗೆ ಅನ್ಮಾನ ಬಂದ್ರೆ ನೋಡ್ಕಳಾಕೆ ಏನಾರ ಇರ್ಬೇಕಲ್ಲ?"